ಮುತ್ತು ಬಿಚ್ಚಿದ ನಂತರ

ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್ ದೇಶದಲ್ಲಿ 1991ರಿಂದ 2002ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸಾವಿರಾರು ಮಕ್ಕಳನ್ನು ಸೈನಿಕರನ್ನಾಗಿ ಬಳಸಲಾಯಿತು. ಊರಿಗೆ ಮರಳಿದ ಇಂಥ ಮಕ್ಕಳನ್ನು ಥೆರೆಸಾ ಬೆಟನ್‌ಕೋರ್ಟ್ ಮತ್ತು ಸಂಗಡಿಗರು 2002ರಿಂದ ಹಲವು ವರ್ಷ ಅಧ್ಯಯನ ಮಾಡಿದರು. ಅವರ ಮನಸ್ಸಿನ ಆರೋಗ್ಯವನ್ನು ರೂಪಿಸಿದ್ದು ಯುದ್ಧದ ಹಿಂಸೆಯೊಂದೇ ಅಲ್ಲ. ಊರು ಒಪ್ಪಿಕೊಂಡ ಮಕ್ಕಳು ಹೆಚ್ಚು ಚೇತರಿಸಿಕೊಂಡರು. ಕಳಂಕ ಹೊರಬೇಕಾದವರಲ್ಲಿ ಖಿನ್ನತೆ ಹೆಚ್ಚಾಗಿತ್ತು.

ಬೆಳಗಾವಿ ಜಿಲ್ಲೆಯಲ್ಲಿ ಅಂಥ ಯುದ್ಧ ನಡೆದಿಲ್ಲ. ಆದರೆ ಹಿರಿಯರ ನಿರ್ಧಾರದಿಂದ ಬಾಲ್ಯ ಕಳೆದುಕೊಂಡು, ನಂತರ ಅದೇ ಸಮಾಜದ ತಿರಸ್ಕಾರಕ್ಕೆ ಗುರಿಯಾದ ಮಕ್ಕಳು ಇಲ್ಲಿಯೂ ಇದ್ದರು. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಅವರು. ಬಹುಪಾಲು ದಲಿತ ಬಡ ಕುಟುಂಬಗಳ ಈ ಬಾಲಕಿಯರು ಮೈನೆರೆದ ಬಳಿಕ, ಮದುವೆಯ ಹಕ್ಕಿಲ್ಲದೆ, ಗಂಡಸರ ಭೋಗಕ್ಕೆ ಒಳಗಾಗುತ್ತಿದ್ದರು.

ಕಾನೂನಿನ ಹಾದಿ

ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ರಕ್ಷಣಾ ಕಾಯಿದೆ ಬಂದಿತು. ಸವದತ್ತಿ, ಬೈಲಹೊಂಗಲ, ಕಿತ್ತೂರುಗಳು ಅದರ ವ್ಯಾಪ್ತಿಯಲ್ಲಿದ್ದವು. ನೆರೆಯ ರಾಮದುರ್ಗ ಪ್ರತ್ಯೇಕ ಸಂಸ್ಥಾನವಾಗಿದ್ದರಿಂದ 1948ರ ವಿಲೀನದವರೆಗೆ ಅದು ಅಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಜಾತ್ರೆಯ ಚಕ್ಕಡಿಗಳಿಗೆ ಮಾತ್ರ ಈ ಗಡಿ ಅಡ್ಡಿಯಾಗಿರಲಿಲ್ಲ. ಮುಂದೆ ಕರ್ನಾಟಕದ 1982ರ ಕಾಯಿದೆ ಮುತ್ತು ಕಟ್ಟುವುದನ್ನು ಶಿಕ್ಷಾರ್ಹಗೊಳಿಸಿತು. ತಪ್ಪಿತಸ್ಥ ತಂದೆತಾಯಿಗಳಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಿತು. ಆದರೂ 1993-94ರ ಸಮೀಕ್ಷೆ ರಾಜ್ಯದಲ್ಲಿ 22,873 ದೇವದಾಸಿಯರನ್ನು ಗುರುತಿಸಿತು, 2007-08ರ ಸಮೀಕ್ಷೆಯಲ್ಲಿ ಹೊಸದಾಗಿ ಗುರುತಿಸಿದವರೂ ಸೇರಿ ಒಟ್ಟು ಸಂಖ್ಯೆ 46,660 ಆಯಿತು. ಇದರಿಂದ ಪದ್ಧತಿ ಇಮ್ಮಡಿಯಾಯಿತೆಂದು ತೀರ್ಮಾನಿಸಲಾಗದು. ಅಳತೆಯ ವ್ಯಾಪ್ತಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ. ಶಿಕ್ಷೆಗೆ, ನಾಚಿಕೆಗೆ ಹೆದರಿದವರು ಎಣಿಕೆಗೆ ಸಿಗುವುದೂ ಕಷ್ಟ.

ಜಡೆಯ ವಿಜ್ಞಾನ

ಬಾಲಕಿಯ ತಲೆಯಲ್ಲಿ ಕೂದಲು ಜಡೆಗಟ್ಟಿದರೆ ದೇವಿ ಕರೆದಳೆಂದು ನಂಬಲಾಗುತ್ತಿತ್ತು. ಕೂದಲಿನ ಹೊರಪದರದಲ್ಲಿ ಮಾಡಿನ ಹಂಚುಗಳಂತೆ ಜೋಡಿಸಿದ ಸೂಕ್ಷ್ಮ ಶಲ್ಕಗಳಿವೆ. ಬುಡದಿಂದ ತುದಿಯ ಕಡೆಗೆ ಉಜ್ಜಿದರೆ ಘರ್ಷಣೆ ಕಡಿಮೆ, ತುದಿಯಿಂದ ಬುಡದ ಕಡೆಗೆ ಹೆಚ್ಚು. ಆದ್ದರಿಂದ ಬಾಚದೆ, ತೊಳೆಯದೆ ಬಿಟ್ಟ ಎಳೆಗಳು ಸುಲಭವಾದ ದಿಕ್ಕಿಗೆ ಜಾರಿ ಹೆಣೆದುಕೊಳ್ಳುತ್ತವೆ, ಹಿಂದೆ ಸರಿಯಲಾರವು. ಬೆವರು, ಕೊಳೆ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತವೆ. ಇದನ್ನು ಪ್ರೌಢಶಾಲೆಯಲ್ಲಿಯೇ ವಿವರಿಸಬಹುದು. ಕತ್ತರಿ, ನೀರು, ಸಾಬೂನುಗಳಿಂದ ನಿವಾರಣೆಯಾಗುವ ಸ್ಥಿತಿಯೊಂದು ಹಲವು ಬಾಲಕಿಯರ ಬದುಕಿನ ದಿಕ್ಕನ್ನೇ ತಿರುಗಿಸಿತು.

ಸಂಘವೇ ಮದ್ದು

ಮುತ್ತು ಬಿಚ್ಚುವುದು ಸುಲಭ, ಹೆಸರು ಬಿಡುವುದು ಕಷ್ಟ. 1990ರ ದಶಕದಲ್ಲಿ ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ಮತ್ತು ಮೈರಾಡ ಸಂಸ್ಥೆಗಳು ಬೆಳಗಾವಿ ಜಿಲ್ಲೆಯಲ್ಲಿ ಈ ಮಹಿಳೆಯರನ್ನು ಸಂಘಟಿಸಿದವು. 1997ರಲ್ಲಿ ಅವರದೇ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ’ (ಮಾಸ್) ರೂಪುಗೊಂಡಿತು. ಉಳಿತಾಯ, ಕಾನೂನು ನೆರವು, ಮಕ್ಕಳ ಶಿಕ್ಷಣ ಅದರ ಕೆಲಸಗಳಾದವು. ಬಾಲ್ಯದಲ್ಲಿಯೇ ಮುತ್ತು ಕಟ್ಟಿಸಿಕೊಂಡು, ಮುಂದೆ ಈ ಸಂಸ್ಥೆಯನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ತನ್ನಂತೆಯೇ ನೊಂದವರ ನಡುವೆ ಕುಳಿತು ಮಾತನಾಡುವುದು, ಸ್ವಂತ ದುಡಿಮೆಯಿಂದ ಗೌರವ ಗಳಿಸುವುದು: ಸಿಯೆರಾ ಲಿಯೋನಿನ ಅಧ್ಯಯನ ಮಹತ್ವದ್ದೆಂದು ತೋರಿಸಿದ ಸಾಮಾಜಿಕ ಸ್ವೀಕಾರವನ್ನು ಇಲ್ಲಿನ ಮಹಿಳೆಯರು ತಾವೇ ಕಟ್ಟಿಕೊಂಡರು.

ಶಿಕ್ಷಕರ ಪಾಲು

ಈ ಕಳಂಕ ಮುಂದಿನ ಪೀಳಿಗೆಯನ್ನು ತಟ್ಟುವುದು ಹೆಚ್ಚಾಗಿ ಶಾಲೆಯಲ್ಲಿ, ‘ತಂದೆಯ ಹೆಸರು’ ಎಂಬ ಕಲಮಿನ ಎದುರು. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಹೊಸ ಕಾನೂನು ತಂದೆಯ ಹೆಸರನ್ನು ಒತ್ತಾಯಿಸಬಾರದೆಂದು ಹೇಳುತ್ತದೆ. ತಂದೆಯ ಆಸ್ತಿಯಲ್ಲಿ ಮಕ್ಕಳಿಗೆ ಹಕ್ಕನ್ನೂ ನೀಡುತ್ತದೆ. ಆದರೆ ತರಗತಿಯಲ್ಲಿ ಎಲ್ಲರೆದುರು ಆ ಪ್ರಶ್ನೆ ಕೇಳದಿರುವ ಎಚ್ಚರ ಶಿಕ್ಷಕರದು. ಆ ಮಗು ಉಳಿದವರೊಡನೆ ಒಂದೇ ಬೆಂಚಿನಲ್ಲಿ ಕುಳಿತು ಪಾಠ ಕೇಳಿದಾಗ ಮಾತ್ರ ಅದರ ತಾಯಿಯೂ ಊರಿಗೆ ನಿಜವಾಗಿ ಮರಳಿದಂತೆ.