ಎದೆಯ ಚಿತ್ರವೂ ಕಫನಿವಾರಕ ಫಿಸಿಯೋಥೆರಪಿಯೂ: ಬಾಗಲಕೋಟೆ ಸೀಮೆಯನ್ನು ಕುರಿತೊಂದು ಪರ್ಯಾಲೋಚನೆ

ಸೋದರಮಾವನಿಗೆ ಅಕ್ಕನ ಮಗಳನ್ನೂ ಸೋದರತ್ತೆಯ ಮಗನಿಗೆ ತಮ್ಮನ ಮಗಳನ್ನೂ ಕೊಟ್ಟು ಬಳಗವನ್ನು ಗಟ್ಟಿಮಾಡಿಕೊಳ್ಳುವ ರೂಢಿಯು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಮನೆತನಗಳಲ್ಲಿ ಇಂದಿಗೂ ಅಳಿದಿಲ್ಲವಾದ್ದರಿಂದ, ತಂದೆತಾಯಿಗಳಿಬ್ಬರಿಂದಲೂ ದೋಷಯುಕ್ತ ಜೀನು ಬಂದಾಗ ಮಾತ್ರ ತಲೆದೋರುವ ವ್ಯಾಧಿಗಳಿಗೆ ಈ ಸೀಮೆಯಲ್ಲಿ ಅವಕಾಶವು ಅಧಿಕವೆಂಬುದನ್ನು ವೈದ್ಯರಾದವರು ಮರೆಯಲಾಗದು. 1938ರಲ್ಲಿ ಡೊರೊಥಿ ಆಂಡರ್ಸನ್ ಸವಿಸ್ತಾರವಾಗಿ ವರ್ಣಿಸಿದ, 1989ರಲ್ಲಿ ಜೀನಿನ ಮೂಲವು ಗೋಚರವಾದ ಸಿಸ್ಟಿಕ್ ಫೈಬ್ರೋಸಿಸ್ ಅಂಥ ವ್ಯಾಧಿಗಳಲ್ಲೊಂದು. ಜೀವಕೋಶಗಳಲ್ಲಿ ಲವಣಜಲಗಳ ಸಂಚಾರವು ಕೆಟ್ಟು, ಶ್ವಾಸನಾಳಗಳ ಕಫವು ಅಂಟಾಗಿ ನಿಂತು, ಸೋಂಕು ಮರುಕಳಿಸಿ, ಕಡೆಗೆ ನಾಳಗಳೇ ಹಿಗ್ಗಿ ಶಿಥಿಲವಾಗುತ್ತವೆ. ಬೆವರಿನಲ್ಲಿ ಉಪ್ಪು ಮಿತಿಮೀರಿ ಹೋಗುವುದರಿಂದ ಹುನಗುಂದದ ಬೇಸಗೆಯಂಥ ಬಿಸಿಲಿನಲ್ಲಿ ಕೂಸು ಹಠಾತ್ತನೆ ಬಳಲಿ ಬೀಳುವುದೂ ಉಂಟು. ಇದು ಬಿಳಿಯರ ರೋಗವೆಂಬ ಪೂರ್ವಗ್ರಹವು ಬಲವಾಗಿರುವುದರಿಂದ, ಇಂಥ ಮಗುವಿಗೆ ಕ್ಷಯವೆಂದೋ ದಮ್ಮೆಂದೋ ಹೆಸರಿಡುವುದು ಸುಲಭ.

ಐರೋಪ್ಯ ರೋಗಿಗಳ ಜೀನುಗಳಲ್ಲಿ ಶೇಕಡಾ 70ರಷ್ಟು ಕಾಣುವ ಒಂದೇ ವಿಕೃತಿಯನ್ನು ಮುಖ್ಯವಾಗಿ ಗುರಿಯಾಗಿಟ್ಟುಕೊಂಡು ರೂಪುಗೊಂಡ ನವೀನ ಔಷಧಗಳು, ಆ ವಿಕೃತಿಯು ಅಷ್ಟು ಹೆಚ್ಚಾಗಿ ಕಾಣದ ನಮ್ಮ ದೇಶದಲ್ಲಿ ಅನೇಕರಿಗೆ ಉಪಯುಕ್ತವೂ ಅಲ್ಲ, ಬೆಲೆಯಿಂದ ಎಟುಕುವಂಥವೂ ಅಲ್ಲ. ಆದುದರಿಂದ ದಿನಕ್ಕೆರಡು ಬಾರಿ ಮಗುವಿನ ಬೆನ್ನನ್ನು ತಟ್ಟಿ, ಉಸಿರಾಟದ ಅಭ್ಯಾಸ ಮಾಡಿಸಿ, ಕಫವನ್ನು ಹೊರತರಿಸುವ ತಾಯಿಯ ಕೈಯೇ ಇಲ್ಲಿ ಪ್ರಧಾನ ಚಿಕಿತ್ಸೆಯಾಗಿ ಉಳಿದಿದೆ. ಆ ಶ್ರಮವು ಫಲಿಸುತ್ತಿದೆಯೇ ಎಂದು ಅರಿಯುವ ಬಗೆ ಯಾವುದು?

ಬಟ್ಟಲಲ್ಲಿ ಬಿದ್ದ ಕಫವನ್ನು ತೂಗುವುದು ಹಳೆಯ ಕ್ರಮ. ಆದರೆ ಮಗು ಅದನ್ನು ನುಂಗುತ್ತದೆ, ಎಂಜಲೂ ಅದರಲ್ಲಿ ಬೆರೆಯುತ್ತದೆ. ಉಸಿರನ್ನು ಊದಿಸಿ ಅಳೆಯುವ ಸ್ಪೈರೋಮೆಟ್ರಿಯನ್ನು ಎಳೆಯ ಮಕ್ಕಳು ನೆರವೇರಿಸಲಾರರು; ನೆರವೇರಿಸಿದರೂ ಅದು ಎರಡೂ ಶ್ವಾಸಕೋಶಗಳ ಒಟ್ಟು ಲೆಕ್ಕವನ್ನು ಹೇಳುವುದೇ ಹೊರತು, ಒಂದೆಡೆ ತೆರವಾದ ಕಫವು ಇನ್ನೊಂದು ಕವಲಿಗೆ ಸರಿದು ಕುಳಿತಿತೇ ಎಂಬುದನ್ನು ತಿಳಿಸದು. ಈ ಕೊರತೆಯನ್ನು ಚಿತ್ರವು ತುಂಬಬಲ್ಲುದು. ಸಿ.ಟಿ. ನಾಳಗಳ ಹಿಗ್ಗನ್ನೂ ಕಫದ ಬೆಣೆಗಳನ್ನೂ ಸ್ಪಷ್ಟವಾಗಿ ತೋರಿಸುತ್ತದಾದರೂ, ಬೆಳೆಯುವ ದೇಹಕ್ಕೆ ವಿಕಿರಣವನ್ನು ಪದೇ ಪದೇ ಉಣಿಸುವುದು ಸಲ್ಲದು. ವಿಶೇಷವಾಗಿ ಸಂಸ್ಕರಿಸಿದ ಹೀಲಿಯಂ ಇಲ್ಲವೆ ಕ್ಸೆನಾನ್ ಅನಿಲವನ್ನು ಉಸಿರಾಡಿಸಿ ಎಂ.ಆರ್.ಐ. ತೆಗೆದರೆ ಗಾಳಿ ಹೊಕ್ಕ ಎಡೆಯೂ ಹೊಗದ ಎಡೆಯೂ ಭೂಪಟದಂತೆ ಮೂಡುತ್ತವೆ. ಚಿಕಿತ್ಸೆಯ ಹಿಂದುಮುಂದಿನ ಸ್ಥಿತಿಯನ್ನು ಈ ರೀತಿ ಹೋಲಿಸಿದ ಪ್ರಯೋಗಗಳೂ ವಿದೇಶಗಳಲ್ಲಿ ನಡೆದಿವೆ. ಆದರೆ ಆ ಉಪಕರಣಗಳು ಜಿಲ್ಲಾಕೇಂದ್ರಕ್ಕೆ ಸದ್ಯ ಎಟುಕಲಾರವು.

ಎಟುಕುವುದು ಎಕ್ಸ್-ರೇ. ಅದನ್ನು ಹಗುರವಾಗಿ ಕಾಣುವವರು ಮೆಲ್ಬರ್ನಿನಲ್ಲಿ ಬ್ರೆಂಡಾ ಬಟನ್ ಮತ್ತವರ ಸಂಗಡಿಗರು ನಡೆಸಿ 2003ರಲ್ಲಿ ಪ್ರಕಟಿಸಿದ ಐದು ವರ್ಷಗಳ ಅಧ್ಯಯನವನ್ನು ನೋಡಬೇಕು. ಹೊಸದಾಗಿ ರೋಗನಿರ್ಣಯವಾದ 20 ಶಿಶುಗಳಲ್ಲಿ ಒಂದು ಗುಂಪಿಗೆ ರೂಢಿಯಂತೆ ತಲೆಯನ್ನು ಕೆಳಗೆ ಮಾಡಿಯೂ, ಇನ್ನೊಂದಕ್ಕೆ ಹಾಗೆ ಬಾಗಿಸದೆಯೂ ಚಿಕಿತ್ಸೆ ನೀಡಲಾಯಿತು. ರೋಗನಿರ್ಣಯದ ವೇಳೆಗೆ ಎರಡೂ ಗುಂಪುಗಳ ಎಕ್ಸ್-ರೇಗಳು ಸಮವಾಗಿದ್ದವು. ಎರಡೂವರೆ ವರ್ಷಕ್ಕೆ ತಲೆ ಕೆಳಗಾಗಿಸಿದ ಮಕ್ಕಳ ಚಿತ್ರಗಳು ಹೆಚ್ಚು ಕೆಟ್ಟಿದ್ದವು. ಮುಂದೆ ಅವರ ಉಸಿರಿನ ಬಲವೂ ಕಡಿಮೆಯೆಂದು ಕಂಡುಬಂದಿತು. ಜಠರದ ದ್ರವವು ಮೇಲೇರುವ ತೊಂದರೆಯನ್ನು ಆ ಭಂಗಿಯು ಹೆಚ್ಚಿಸುವುದೆಂದು ಅದೇ ಸಂಶೋಧಕರು ಮೊದಲೇ ತೋರಿಸಿದ್ದರು. ದಶಕಗಳಿಂದ ಹಿತವೆಂದು ನಂಬಿದ ಕ್ರಮವೊಂದರ ಅಹಿತವನ್ನು ಬಯಲಿಗೆಳೆಯುವಲ್ಲಿ, ತಾಳ್ಮೆಯಿಂದ ಕೂಡಿಟ್ಟ ಸಾಮಾನ್ಯ ಚಿತ್ರಮಾಲೆಯೂ ಸಾಕ್ಷಿಯಾಯಿತು. ನನ್ನ ಮತದಲ್ಲಿ ಈ ಸೀಮೆಗೆ ಇದಕ್ಕಿಂತ ಉಪಯುಕ್ತವಾದ ನಿದರ್ಶನವಿಲ್ಲ.

ದೆಹಲಿಯ ಏಮ್ಸ್‌ನಲ್ಲಿ ಎಸ್. ಕೆ. ಕಾಬ್ರಾ ಮತ್ತವರ ಸಹೋದ್ಯೋಗಿಗಳು ಅಲ್ಪವ್ಯಯದ ಬೆವರು ಪರೀಕ್ಷೆಯನ್ನು ರೂಪಿಸಿರುವುದರಿಂದ ರೋಗನಿರ್ಣಯಕ್ಕೂ ದಾರಿಯುಂಟು. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಮಹಾವಿದ್ಯಾಲಯವೂ ತಾಲೂಕು ಆಸ್ಪತ್ರೆಗಳೂ ಕೂಡಿ, ಇಂಥ ಮಕ್ಕಳ ಎಕ್ಸ್-ರೇಗಳನ್ನು ಒಂದೇ ಭಂಗಿಯಲ್ಲಿ, ಸ್ಥಿರವಾದ ಅಂತರದಲ್ಲಿ ತೆಗೆದು, ದಿನಾಂಕದೊಡನೆಯೂ ಮನೆಯಲ್ಲಿ ನಡೆದ ಚಿಕಿತ್ಸೆಯ ವಿವರದೊಡನೆಯೂ ಕಾಪಿಡುವ ಕಾರ್ಯವನ್ನು ಕೈಗೊಳ್ಳಬೇಕೆಂದು ಬಿನ್ನವಿಸುತ್ತೇನೆ. ತಂದೆತಾಯಿಗಳೂ ಮಗುವಿನ ಹಳೆಯ ಫಿಲ್ಮುಗಳಲ್ಲಿ ಒಂದನ್ನೂ ಬಿಸಾಡದೆ, ಪ್ರತಿ ಭೇಟಿಗೂ ತಪ್ಪದೆ ತರಬೇಕು.