ದಾರಿ, ರೇಷ್ಮೆ, ನೀರು: ದಕ್ಷಿಣ ಬೆಂಗಳೂರಿನ ಬೆಳವಣಿಗೆಯ ಒಂದು ಅವಲೋಕನ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳನ್ನು ಒಳಗೊಂಡ ದಕ್ಷಿಣ ಬೆಂಗಳೂರನ್ನು ಯೋಜಕರ ನಕ್ಷೆಯಿಂದ ಹುಟ್ಟಿದ ಪ್ರದೇಶವೆಂದು ವರ್ಣಿಸುವುದು ವಾಡಿಕೆ. ಅಳತೆಗೆ ತಕ್ಕಂತೆ ಹಾಸಿದ ಮುಖ್ಯರಸ್ತೆ ಅಡ್ಡರಸ್ತೆಗಳು, ಅವುಗಳ ನಡುವಣ ಉದ್ಯಾನಗಳು ಈ ಅಭಿಪ್ರಾಯಕ್ಕೆ ಪುಷ್ಟಿ ನೀಡುತ್ತವೆ. ಆದರೆ ಶಾಸನಗಳನ್ನೂ ಊರಹೆಸರುಗಳನ್ನೂ ಹಳೆಯ ಮಾರ್ಗಗಳನ್ನೂ ಒಟ್ಟಿಗೆ ಇರಿಸಿ ಪರಿಶೀಲಿಸಿದಾಗ ಬೇರೊಂದು ಕ್ರಮ ಗೋಚರಿಸುತ್ತದೆ. ಇಲ್ಲಿ ಮೊದಲಿಗೆ ಇದ್ದುದು ಕೆರೆ ಮತ್ತು ದಾರಿ. ದಾರಿ ಹಿಡಿದು ಸರಕು ಬಂತು, ಸರಕಿನ ಹಿಂದೆ ಜನ ಬಂದರು. ಸರಕಾರದ ಮಂಡಳಿಗಳು ಬಂದದ್ದು ಅವರೆಲ್ಲರ ತರುವಾಯ.

ಬೆಂಗಳೂರು ಎಂಬ ಹೆಸರಿಗೆ ದೊರೆತಿರುವ ಅತಿ ಪ್ರಾಚೀನ ಆಧಾರವೇ ದಕ್ಷಿಣ ಭಾಗದ್ದು. ಬೇಗೂರಿನಲ್ಲಿರುವ, ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಉಲ್ಲೇಖಿಸುತ್ತದೆ. ಕೆಂಪೇಗೌಡನು 1537ರಲ್ಲಿ ಕೋಟೆಪೇಟೆಗಳನ್ನು ಕಟ್ಟುವುದಕ್ಕೆ ಆರೂವರೆ ಶತಮಾನಗಳಷ್ಟು ಹಿಂದಿನ ಮಾತಿದು. ಮಡಿವಾಳದ ಸೋಮೇಶ್ವರ ದೇವಾಲಯದ ಹೊರಗೋಡೆಯಲ್ಲಿರುವ 1247ರ ಗ್ರಂಥ-ತಮಿಳು ಶಾಸನವು ಬೇಗೂರಿನ ನಿವಾಸಿಯೊಬ್ಬನು ನೀಡಿದ ಭೂದಾನವನ್ನು ದಾಖಲಿಸುತ್ತದೆ. ಅದೇ ದೇವಾಲಯದ ಮತ್ತೊಂದು ಶಾಸನದಲ್ಲಿ ಬೆಂಗಳೂರಿನ ದೊಡ್ಡಕೆರೆಯ ಕೆಳಗಣ ಭೂಮಿಯ ಮಾತು ಬರುತ್ತದೆ. ಅದರಲ್ಲಿ ಕಾಣಿಸುವ 'ತಾಮರೈಕ್ಕಿರೈ' ಎಂಬ ಸ್ಥಳವನ್ನು ಇಂದಿನ ತಾವರೆಕೆರೆ ಎಂದು ಗುರುತಿಸಲಾಗಿದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಜೋಡಿಸಿ 'ಬಿ.ಟಿ.ಎಂ.' ಎಂದು ಕರೆಯುವ ಬಹುಮಂದಿಗೆ ನಡುವಣ ಅಕ್ಷರವೊಂದರಲ್ಲಿಯೇ ಹಲವು ಶತಮಾನಗಳ ಊರು ಅಡಗಿರುವುದು ತಿಳಿದಿರಲಾರದು. ಹೆಸರಿನ ಸಂಕ್ಷೇಪವೂ ಒಂದು ಬಗೆಯ ಒತ್ತುವರಿಯೇ.

ಈ ಊರುಗಳು ಬೆಂಗಳೂರಿನಿಂದ ಹೊರಡುವ ಮೂರು ದಾರಿಗಳ ಆಸುಪಾಸಿನಲ್ಲಿ ನೆಲೆಗೊಂಡಿದ್ದವು. ಆಗ್ನೇಯಕ್ಕೆ ಹೊಸೂರು, ಕೃಷ್ಣಗಿರಿಗಳ ಮೂಲಕ ತಮಿಳುನಾಡಿಗೆ ಸಾಗುವ ಮಾರ್ಗ. ದಕ್ಷಿಣಕ್ಕೆ ಬನ್ನೇರುಘಟ್ಟದ ದಾರಿ. ನೈರುತ್ಯಕ್ಕೆ ಹಿಂದೆ ಕಾನಕಾನಹಳ್ಳಿ ಎನಿಸಿಕೊಂಡಿದ್ದ ಕನಕಪುರದ ಕಡೆಗೆ ಇಳಿಯುವ ದಾರಿ. ಕೆಂಪೇಗೌಡರ ಕಾಲದ್ದೆಂದು ಹೇಳಲಾಗುವ ಲಾಲ್‌ಬಾಗಿನ ಬಂಡೆಯ ಮೇಲಣ ಗೋಪುರವನ್ನು ಊರಿನ ತೆಂಕಣ ಎಲ್ಲೆಯೆಂದು ಭಾವಿಸುವುದಾದರೆ, ಇಂದಿನ ಜಯನಗರವು ಆ ಎಲ್ಲೆಯ ಆಚೆಗಿನ ಹೊಲಗದ್ದೆ. ಮುಂದಿನ ಬಡಾವಣೆಗಳು ಈ ದಾರಿಗಳನ್ನು ಬದಲಿಸಲಿಲ್ಲ, ಅವುಗಳ ನಡುವಣ ತ್ರಿಕೋನಾಕಾರದ ನೆಲವನ್ನು ತುಂಬಿದವು.

ಎಲ್ಲೆಯನ್ನು ದಾಟಿಸಿದ ಒತ್ತಡಗಳಲ್ಲಿ ರೋಗವೂ ಒಂದು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಜನಸಂಚಾರದ ಜೊತೆಯಲ್ಲಿ ಹಬ್ಬುತ್ತ 1898ರಲ್ಲಿ ಬೆಂಗಳೂರನ್ನು ಮುಟ್ಟಿತು. ಸರಕಿನ ದಾರಿಯೇ ಸೋಂಕಿನ ದಾರಿಯೂ ಆಯಿತು. ಇಕ್ಕಟ್ಟಾದ ಪೇಟೆಯಿಂದ ಜನರನ್ನು ಹೊರಗೆ ನೆಲೆಗೊಳಿಸುವ ಅಗತ್ಯ ತೀವ್ರವಾದಾಗ ದಕ್ಷಿಣದಲ್ಲಿ ಬಸವನಗುಡಿ, ಉತ್ತರದಲ್ಲಿ ಮಲ್ಲೇಶ್ವರ ಬಡಾವಣೆಗಳು ಬೆಳೆದವು.

ಇದೇ ಕಾಲಕ್ಕೆ ದಕ್ಷಿಣದ ಅಂಚಿನಲ್ಲಿ ನಡೆದ ಇನ್ನೊಂದು ಪ್ರಯತ್ನಕ್ಕೆ ನಗರಚರಿತ್ರೆಕಾರರು ಸಲ್ಲಬೇಕಾದಷ್ಟು ಗಮನ ಕೊಟ್ಟಿಲ್ಲ. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ ಬುನಾದಿ ಹಾಕಿದವನು ಟಿಪ್ಪು ಸುಲ್ತಾನ; ಅದಕ್ಕಾಗಿ ಅವನು ಬಂಗಾಳದಿಂದ ರೇಷ್ಮೆಹುಳುಗಳನ್ನು ತರಿಸಿದ್ದನು. ಕನಕಪುರ, ರಾಮನಗರ, ಚನ್ನಪಟ್ಟಣಗಳ ಹಿಪ್ಪುನೇರಳೆ ತೋಟಗಳು ಈ ಪರಂಪರೆಯನ್ನು ಮುಂದುವರಿಸಿದವು. 1896ರಲ್ಲಿ ಜೆ.ಎನ್. ಟಾಟಾ ಅವರು, ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದ ಬೆಂಬಲದೊಂದಿಗೆ, ಇಂದಿನ ಬಸವನಗುಡಿ ಜಯನಗರಗಳ ನಡುವಣ ನೆಲದಲ್ಲಿ ರೇಷ್ಮೆ ತೋಟವೊಂದನ್ನು ಸ್ಥಾಪಿಸಿದರು. ಹುಳು ಸಾಕುವ, ನೂಲು ಬಿಚ್ಚುವ ಕ್ರಮವನ್ನು ಕಲಿಸಲು ಜಪಾನಿನಿಂದ ಪರಿಣತರನ್ನು ಕರೆಸಲಾಗಿತ್ತು. 1910ರಲ್ಲಿ ತೋಟದ ನಿರ್ವಹಣೆ ಸಾಲ್ವೇಷನ್ ಆರ್ಮಿಗೆ ವರ್ಗವಾಯಿತು. ಹುಳುಮನೆಗಳು ಅಳಿದು ಶತಮಾನದ ಹತ್ತಿರ ಬಂದರೂ 'ಟಾಟಾ ಸಿಲ್ಕ್ ಫಾರ್ಮ್' ಎಂಬ ಹೆಸರು ಬಡಾವಣೆಯ ಹೆಸರಾಗಿ ಉಳಿದಿದೆ.

ಕನಕಪುರದ ದಾರಿಯಲ್ಲಿ, ಸಾರಕ್ಕಿಯ ಬಳಿ, 1915ರಲ್ಲಿ ನೆಲೆಗೊಂಡ ಬನಶಂಕರಿ ದೇವಾಲಯವನ್ನೂ ಇಲ್ಲಿ ನೆನೆಯಬೇಕು. ಬಾದಾಮಿಯ ಬನಶಂಕರಿ ನೇಕಾರ ಸಮುದಾಯಗಳಲ್ಲಿ, ವಿಶೇಷವಾಗಿ ದೇವಾಂಗರಲ್ಲಿ, ಕುಲದೇವತೆಯಾಗಿ ಆರಾಧನೆಗೊಳ್ಳುವವಳು. ಬೆಂಗಳೂರು ಪೇಟೆಯಲ್ಲಿ ನೇಕಾರಿಕೆ ಬಹುಕಾಲದಿಂದ ಪ್ರಬಲವಾಗಿತ್ತೆಂಬುದನ್ನು ಗಮನಿಸಿದರೆ, ಮಲಪ್ರಭೆಯ ತೀರದ ದೇವತೆ ಕನಕಪುರದ ದಾರಿಗೆ ಬಂದದ್ದು ಆಕಸ್ಮಿಕವೆನಿಸದು. ದೇವತೆಗಳೂ ಕಸುಬುದಾರರೊಡನೆ ಪ್ರಯಾಣ ಮಾಡುತ್ತಾರೆ. ಮಂಡಳಿಯು ಬಡಾವಣೆಗೆ ಹೆಸರಿಡುವಾಗ ಹೊಸದೇನನ್ನೂ ಹುಡುಕಲಿಲ್ಲ. ದಾರಿಹೋಕರಿಗೆ ಆಗಲೇ ಪರಿಚಿತವಾಗಿದ್ದ ಗುಡಿಯ ಹೆಸರೇ ಸಾಕಾಯಿತು.

ಜನಗಣತಿಯ ಅಂಕಿಗಳು ಮುಂದಿನ ಘಟ್ಟವನ್ನು ಸ್ಪಷ್ಟಪಡಿಸುತ್ತವೆ. 1941ರಲ್ಲಿ ಸುಮಾರು 4.07 ಲಕ್ಷವಿದ್ದ ಬೆಂಗಳೂರಿನ ಜನಸಂಖ್ಯೆ 1951ರ ವೇಳೆಗೆ 7.79 ಲಕ್ಷಕ್ಕೆ ಏರಿತು. ಯುದ್ಧಕಾಲದ ಉದ್ಯಮಗಳು, ಸ್ವಾತಂತ್ರ್ಯಾನಂತರದ ಸಾರ್ವಜನಿಕ ಕಾರ್ಖಾನೆಗಳು ಹೆಚ್ಚಾಗಿ ಪೂರ್ವ ಮತ್ತು ಉತ್ತರ ದಿಕ್ಕುಗಳಲ್ಲಿ ಸ್ಥಾಪಿತವಾದರೂ ವಸತಿಯ ಒತ್ತಡ ದಕ್ಷಿಣವನ್ನು ತಟ್ಟಿತು. 1945ರಲ್ಲಿ ನಗರ ಸುಧಾರಣಾ ಮಂಡಳಿ ರೂಪುಗೊಂಡಿತು. 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಜಯನಗರಕ್ಕೆ ಚಾಲನೆ ನೀಡಿದುದರ ಗುರುತಾಗಿ ಅಶೋಕ ಸ್ತಂಭವು ಇಂದಿಗೂ ನಿಂತಿದೆ. ಎರಡನೆಯ ದೊಡ್ಡ ಏರಿಕೆ 1971 ಮತ್ತು 1981ರ ನಡುವಿನದು: ಸುಮಾರು 16.5 ಲಕ್ಷದಿಂದ 29 ಲಕ್ಷಕ್ಕೆ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಹಳೆಯ ಮಂಡಳಿಯ ಸ್ಥಾನಕ್ಕೆ ಬಂದಿತು. ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರವೂ ಬಿ.ಟಿ.ಎಂ. ಬಡಾವಣೆಯೂ ಆ ಏರಿಕೆಯ ಅವಧಿಯಲ್ಲಿ ಹಾಗೂ ಅದರ ಬೆನ್ನಲ್ಲೇ ಬೆಳೆದವು. ಜಯನಗರದ ಭಾಗಗಳಿಗೆ 'ಬ್ಲಾಕ್' ಎಂದೂ ಜೆ.ಪಿ. ನಗರದವಕ್ಕೆ 'ಫೇಸ್' ಎಂದೂ ಬನಶಂಕರಿಯವಕ್ಕೆ 'ಸ್ಟೇಜ್' ಎಂದೂ ಹೆಸರಿರುವುದು ಕುತೂಹಲಕರ. ಮೊದಲನೆಯದು ಜಾಗದ ವಿಭಾಗವನ್ನು ಹೇಳಿದರೆ ಉಳಿದೆರಡು ಕಾಲದ ಕಂತುಗಳನ್ನು ಹೇಳುತ್ತವೆ. ಮುಂಗಡವಾಗಿ ಯೋಜಿಸುವ ನಗರಕ್ಕೂ ಜನದ ಹಿಂದೆ ಓಡುವ ನಗರಕ್ಕೂ ಇರುವ ಅಂತರ ಈ ಪದಗಳಲ್ಲಿಯೇ ದಾಖಲಾಗಿದೆ.

ಬಡಾವಣೆಗಳ ಚರಿತ್ರೆಯನ್ನು ಮಂಡಳಿಗಳ ಕಾಗದಪತ್ರಗಳಿಂದ ಮಾತ್ರ ಬರೆದಾಗ ನೆಲ ಬಿಟ್ಟುಕೊಟ್ಟ ಹಳ್ಳಿಗಳು ಸರ್ವೆ ನಂಬರುಗಳಾಗಿ ಮಾತ್ರ ಉಳಿಯುತ್ತವೆ. ಸಿದ್ದಾಪುರ, ಬೈರಸಂದ್ರ, ಯಡಿಯೂರು, ಸಾರಕ್ಕಿ, ಜರಗನಹಳ್ಳಿ, ಪುಟ್ಟೇನಹಳ್ಳಿಗಳ ಹೊಲಗಳು ನಿವೇಶನಗಳಾದವು. ಊರ ನಡುವಣ ಗ್ರಾಮಠಾಣಾ ಮಾತ್ರ ನೇರರಸ್ತೆಗಳ ಜಾಲದೊಳಗೆ ಓರೆಕೋರೆ ಓಣಿಗಳ ದ್ವೀಪವಾಗಿ ಉಳಿಯಿತು. ಕೃಷಿಭೂಮಿಯ ದರದಲ್ಲಿ ನೆಲ ಕಳೆದುಕೊಂಡವರ ಮಕ್ಕಳು ನಿವೇಶನದ ದರದಲ್ಲಿ ಅದೇ ನೆಲವನ್ನು ಕೊಳ್ಳುವುದು ಕಷ್ಟಸಾಧ್ಯವಾಗಿತ್ತು. ಲಾಲ್‌ಬಾಗಿಗೆ ಅಂಟಿಕೊಂಡ ಸಿದ್ದಾಪುರದ ಸಸ್ಯಮಳಿಗೆಗಳಂತಹ ಕೆಲವು ಕಸುಬುಗಳು ಮಾತ್ರ ಹೊಸ ಊರಿನಲ್ಲಿಯೂ ಗಿರಾಕಿಗಳನ್ನು ಕಂಡುಕೊಂಡವು.

ಈ ವಿಸ್ತರಣೆಯನ್ನು ಸಾಧ್ಯವಾಗಿಸಿದ್ದು ನಕ್ಷೆಗಿಂತ ಹೆಚ್ಚಾಗಿ ನೀರು. 1890ರ ದಶಕದ ಹೆಸರಘಟ್ಟ ಯೋಜನೆ, 1933ರ ತಿಪ್ಪಗೊಂಡನಹಳ್ಳಿ ಜಲಾಶಯ ಎರಡೂ ಅರ್ಕಾವತಿಯನ್ನು ಅವಲಂಬಿಸಿದ್ದವು. 1974ರಲ್ಲಿ ಕಾವೇರಿಯ ಮೊದಲ ಹಂತ ಜಾರಿಗೆ ಬಂದಾಗ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ, ಸುಮಾರು 100 ಕಿ.ಮೀ. ದೂರದಿಂದ, 500 ಮೀಟರಿನಷ್ಟು ಎತ್ತರಕ್ಕೆ ನೀರನ್ನು ಏರಿಸಲಾಯಿತು. ಕೊಳವೆಗಳು ಅನುಸರಿಸಿದ್ದು ರೇಷ್ಮೆಗೂಡು ಬರುತ್ತಿದ್ದ ಅದೇ ಕನಕಪುರದ ದಿಕ್ಕನ್ನು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವೂ ತೊರೆಕಾಡನಹಳ್ಳಿಯಿಂದಲೇ ಹೊರಡುತ್ತದೆ. ದೂರದ ನೀರು ನಲ್ಲಿಗೆ ಬಂದ ಮೇಲೆ ಹತ್ತಿರದ ಕೆರೆಯ ಅಗತ್ಯ ಕಾಣದಾಯಿತು. ಅಚ್ಚುಕಟ್ಟಿನ ಗದ್ದೆಗಳಿಲ್ಲದ ಕೆರೆಗೆ ಹೂಳೆತ್ತುವವರೂ ಇಲ್ಲವಾದರು. ಕೋಡಿಕಾಲುವೆಗಳು ಚರಂಡಿಗಳಾದವು, ಅಂಗಳ ಒತ್ತುವರಿಯಾಯಿತು. 2015ರ ಏಪ್ರಿಲಿನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವು ನಡೆದಾಗ ನೆಲಸಮವಾದ ಕಟ್ಟಡಗಳಲ್ಲಿ ವಾಸದ ಮನೆಗಳೂ ಇದ್ದವು. ಕೆರೆ ಕಳೆದುಕೊಂಡ ಊರಿನ ನಷ್ಟವೂ, ನಿವೇಶನವೆಂದು ನಂಬಿ ಕೊಂಡವರ ನಷ್ಟವೂ ಒಂದೇ ನೆಲದ ಮೇಲೆ ಎದುರಾದ ಪ್ರಸಂಗವದು.

1978ರಲ್ಲಿ ಆರ್.ಕೆ. ಬಾಳಿಗರ ಮುಂದಾಳುತನದಲ್ಲಿ ಕಿಯೋನಿಕ್ಸ್ ಸಂಸ್ಥೆ ಹೊಸೂರು ರಸ್ತೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಆರಂಭಿಸಿದ ಬಳಿಕ, ವಿಶೇಷವಾಗಿ 1990ರ ದಶಕದ ನಂತರ, ಹಳೆಯ ಆಗ್ನೇಯ ಮಾರ್ಗ ಮತ್ತೊಮ್ಮೆ ಪ್ರಧಾನವಾಯಿತು. ಮಹಾನಗರ ಪ್ರದೇಶದ ಜನಸಂಖ್ಯೆ 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ತಾವರೆಕೆರೆ, ಮಡಿವಾಳಗಳ ಗ್ರಾಮಠಾಣಾ ಮನೆಗಳ ಮೇಲೆ ಮಹಡಿಗಳೆದ್ದು ಹೊರನಾಡುಗಳಿಂದ ಬಂದ ತರುಣರ ಪಿ.ಜಿ.ಗಳಾದವು, ಬೆಳೆಯ ಬದಲು ಬಾಡಿಗೆ ಬರತೊಡಗಿತು. ಕೇರಳದ ಊರುಗಳಿಗೆ ಹೊರಡುವ ರಾತ್ರಿ ಬಸ್ಸುಗಳಿಗೆ ಮಡಿವಾಳ ನಿಲ್ದಾಣವಾಯಿತು. ಹದಿಮೂರನೆಯ ಶತಮಾನದಲ್ಲಿ ತಮಿಳಿನಲ್ಲಿ ದಾನಶಾಸನ ಕೊರೆಸಿಕೊಂಡ ಊರಿನಲ್ಲಿ ಹಲವು ಭಾಷೆಗಳ ಫಲಕಗಳು ಕಾಣುವುದನ್ನು ಕೇವಲ ಹೊಸ ವಿದ್ಯಮಾನವೆಂದು ಕರೆಯುವುದು ಚರಿತ್ರೆಗೆ ಸಮ್ಮತವಲ್ಲ.

ಇದೇ ಮಾರ್ಗದಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ಪ್ರಧಾನ ಕಚೇರಿಯಿದೆ. ಮಂಡಳಿಯ ಕಾರ್ಯವನ್ನು ಅರಿಯದ ನಾಗರಿಕರಿಗೂ 'ಸಿಲ್ಕ್ ಬೋರ್ಡ್' ಎಂಬ ಹೆಸರು ಸಂಚಾರ ದಟ್ಟಣೆಯ ಪರ್ಯಾಯ ಪದವಾಗಿ ಪರಿಚಿತ. 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿಗಳ ಮೂಲಕ ಯಲಚೇನಹಳ್ಳಿಯವರೆಗೆ ಬಂದ ಮೆಟ್ರೊ ಹಸಿರು ಮಾರ್ಗ, 2021ರ ಜನವರಿಯಲ್ಲಿ ಕನಕಪುರ ರಸ್ತೆಯ ರೇಷ್ಮೆ ಸಂಸ್ಥೆಯನ್ನು ತಲುಪಿತು. 2025ರ ಆಗಸ್ಟ್ 10ರಂದು ಉದ್ಘಾಟನೆಯಾದ ಹಳದಿ ಮಾರ್ಗ ಆರ್.ವಿ. ರಸ್ತೆಯಿಂದ ಹೊರಟು ಬಿ.ಟಿ.ಎಂ. ಬಡಾವಣೆ, ಕೇಂದ್ರ ರೇಷ್ಮೆ ಮಂಡಳಿಗಳನ್ನು ಹಾದು ಬೊಮ್ಮಸಂದ್ರಕ್ಕೆ ಸಾಗುತ್ತದೆ. ಎರಡು ಹಳೆಯ ದಾರಿಗಳ ಮೇಲೆ ಎರಡು ರೈಲು ಮಾರ್ಗಗಳು. ಎರಡರಲ್ಲಿಯೂ ರೇಷ್ಮೆಯ ಹೆಸರಿನ ಒಂದೊಂದು ನಿಲ್ದಾಣ. ಅದೇ ವರ್ಷದ ಮೇ ತಿಂಗಳಲ್ಲಿ ರಾಜ್ಯ ಸಚಿವ ಸಂಪುಟವು, ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ರಾಮನಗರವೂ ಕನಕಪುರವೂ ಸೇರಿದ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ಒಪ್ಪಿಗೆ ನೀಡಿತು.