ವಕೀಲರು ಯಾರ ಕಡೆ? ಚೀನಾದ ಖಾಸಗಿ ಲಾ ಫರ್ಮ್‌ಗಳ ಕಥೆ

ಇವತ್ತು ಒಂದು ಹೆಸರಿನಿಂದ ಶುರು ಮಾಡೋಣ: ‘ಕಿಂಗ್ ಅಂಡ್ ವುಡ್’. ಲಂಡನ್ನಿನ ಯಾವುದೋ ಹಳೇ ಲಾ ಫರ್ಮ್ ಇರಬೇಕು ಅನ್ನಿಸುತ್ತೆ, ಅಲ್ವಾ? ಆದರೆ ಅದು 1993ರಲ್ಲಿ ಬೀಜಿಂಗ್‌ನಲ್ಲಿ ಹುಟ್ಟಿದ ಸಂಸ್ಥೆ. ಚೀನೀ ಹೆಸರು ‘ಜಿನ್ ದು’. ಅಲ್ಲಿ ಕಿಂಗ್ ಅನ್ನೋ ವಕೀಲರೂ ಇರಲಿಲ್ಲ, ವುಡ್ ಅನ್ನೋರೂ ಇರಲಿಲ್ಲ. ಪರದೇಶದ ಕಂಪನಿಗಳ ಕಿವಿಗೆ ಪರಿಚಿತ ಅನ್ನಿಸುವಂಥ ಹೆಸರು, ಅಷ್ಟೇ.

ಅಂಥ ಹೆಸರು ಯಾಕೆ ಬೇಕಾಯ್ತು? ಸ್ವಲ್ಪ ಹಿಂದಕ್ಕೆ ಹೋಗೋಣ.

1957ರ ರಾಜಕೀಯ ದಾಳಿಯಲ್ಲಿ ಚೀನಾದ ವಕೀಲರು ‘ಬಲಪಂಥೀಯರು’ ಅನ್ನಿಸಿಕೊಂಡು ಮೂಲೆಗುಂಪಾದರು. 1959ರಲ್ಲಿ ನ್ಯಾಯ ಸಚಿವಾಲಯವನ್ನೇ ಮುಚ್ಚಲಾಯಿತು. ಮುಂದಿನ ಇಪ್ಪತ್ತು ವರ್ಷ ವಕೀಲಿಕೆ ಅನ್ನೋ ವೃತ್ತಿಯೇ ಹೆಚ್ಚುಕಡಿಮೆ ಇಲ್ಲವಾಗಿತ್ತು. ಡೆಂಗ್ ಶಿಯಾವೊಪಿಂಗ್ ಬಾಗಿಲು ತೆರೆದ ಮೇಲೆ, 1979ರಲ್ಲಿ ಸಚಿವಾಲಯ ಮತ್ತೆ ಬಂತು. ವಿದೇಶಿ ಪಾಲುದಾರಿಕೆಗೆ ಅವಕಾಶ ಕೊಡುವ ಕಾನೂನೂ ಅದೇ ವರ್ಷ ಬಂತು. ಆದರೆ 1980ರ ನಿಯಮಾವಳಿ ಪ್ರಕಾರ ವಕೀಲರು ‘ರಾಜ್ಯದ ಕಾನೂನು ಕೆಲಸಗಾರರು’. ಅಂದ್ರೆ ಸರ್ಕಾರಿ ಕಚೇರಿ, ಸರ್ಕಾರಿ ಸಂಬಳ.

ಈಗ ನೀವೇ ಯೋಚನೆ ಮಾಡಿ. ನೀವೊಂದು ವಿದೇಶಿ ಕಂಪನಿ. ಎದುರಿಗೆ ಕೂತಿರೋದು ಸರ್ಕಾರಿ ಕಾರ್ಖಾನೆ. ನಿಮಗೆ ಸಲಹೆ ಕೊಡಬೇಕಾದ ವಕೀಲರೂ ಅದೇ ಸರ್ಕಾರದ ನೌಕರರು. ದುಡ್ಡು ಹಾಕೋಕೆ ಧೈರ್ಯ ಬರುತ್ತಾ?

ಈ ಇಕ್ಕಟ್ಟೇ ದಾರಿ ಮಾಡಿಕೊಟ್ಟಿತು. 1988ರಲ್ಲಿ ಸರ್ಕಾರದ ಹಣವಿಲ್ಲದೆ ನಡೆಯುವ ‘ಸಹಕಾರಿ’ ಲಾ ಫರ್ಮ್‌ಗಳ ಪ್ರಯೋಗ ಶುರುವಾಯ್ತು. 1989ರಲ್ಲಿ ಬೀಜಿಂಗ್‌ನಲ್ಲಿ ‘ಜುನ್ ಹೆ’ ಸ್ಥಾಪನೆಯಾಯ್ತು. 1996ರ ವಕೀಲರ ಕಾನೂನು ‘ರಾಜ್ಯದ ಕೆಲಸಗಾರರು’ ಅನ್ನೋ ಮಾತನ್ನೇ ಕೈಬಿಟ್ಟಿತು.

ಇನ್ನೊಂದು ಕಾರಣವೂ ಇದೆ. 1992ರಿಂದ ವಿದೇಶಿ ಲಾ ಫರ್ಮ್‌ಗಳು ಚೀನಾದಲ್ಲಿ ಕಚೇರಿ ತೆರೆಯಬಹುದಾಗಿತ್ತು, ಆದರೆ ಚೀನೀ ಕಾನೂನಿನ ವಕೀಲಿಕೆ ಮಾಡುವ ಹಾಗಿರಲಿಲ್ಲ. ಅಲ್ಲಿ ಕೆಲಸಕ್ಕೆ ಸೇರುವ ಚೀನೀ ವಕೀಲರು ತಮ್ಮ ಲೈಸೆನ್ಸ್ ಪಕ್ಕಕ್ಕಿಡಬೇಕು. ಈ ನಿರ್ಬಂಧ ಇಂದಿಗೂ ಇದೆ. ಹಾಗಾಗಿ ವಿದೇಶಿಯರ ದೊಡ್ಡ ವ್ಯವಹಾರಗಳಿಗೆ ಒಂದು ಸ್ಥಳೀಯ ಫರ್ಮ್ ಬೇಕೇ ಬೇಕು. 2001ರಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ ಮೇಲಂತೂ ಕೆಲಸಕ್ಕೆ ಬರವೇ ಇರಲಿಲ್ಲ.

2012ರಲ್ಲಿ ಕಿಂಗ್ ಅಂಡ್ ವುಡ್ ಆಸ್ಟ್ರೇಲಿಯಾದ ಮ್ಯಾಲಿಸನ್ಸ್ ಜೊತೆ ಕೈಜೋಡಿಸಿತು. 2015ರಲ್ಲಿ ‘ದಾಚೆಂಗ್’ ಫರ್ಮ್ ಜಾಗತಿಕ ಸಂಸ್ಥೆ ಡೆಂಟನ್ಸ್ ಜೊತೆ ಸೇರಿತು. 1979ರಲ್ಲಿ ಕೆಲವೇ ನೂರು ವಕೀಲರಿದ್ದ ದೇಶದಲ್ಲಿ ಇವತ್ತು 6 ಲಕ್ಷಕ್ಕೂ ಹೆಚ್ಚು ಮಂದಿ ಇದ್ದಾರೆ.

ಹಾಗಾದ್ರೆ ವಕೀಲರು ಸ್ವತಂತ್ರರಾದರಾ? ಅದೇ 2015ರ ಜುಲೈ 9ರಿಂದ ಮಾನವ ಹಕ್ಕುಗಳ ಕೇಸು ನಡೆಸುತ್ತಿದ್ದ ವಕೀಲರ ಬೇಟೆ ಶುರುವಾಯ್ತು. ವಕೀಲರು, ಅವರ ಸಹಾಯಕರು, ಕಾರ್ಯಕರ್ತರು ಸೇರಿ 300ಕ್ಕೂ ಹೆಚ್ಚು ಜನರನ್ನು ಹಿಡಿದರು ಅಥವಾ ವಿಚಾರಣೆಗೆ ಎಳೆದರು. ಕೆಲವರಿಗೆ ವರ್ಷಗಟ್ಟಲೆ ಜೈಲು, ಕೆಲವರ ಲೈಸೆನ್ಸೇ ಹೋಯ್ತು. 2023ರಲ್ಲಿ, ಡೇಟಾ ಕುರಿತ ಹೊಸ ಕಟ್ಟಳೆಗಳ ನಡುವೆ, ದಾಚೆಂಗ್ ಮತ್ತು ಡೆಂಟನ್ಸ್ ಬೇರೆಯಾದವು.

ಸಂಬಳ ಕೊಡೋದನ್ನು ಸರ್ಕಾರ ನಿಲ್ಲಿಸಿತು, ಆದರೆ ಲೈಸೆನ್ಸ್ ಮಾತ್ರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ನಿಮ್ಮ ಆಫೀಸಿಗೆ ಯಾವತ್ತಾದರೂ ಬೀಜಿಂಗ್ ಫರ್ಮ್ ಒಂದರ ಅಚ್ಚುಕಟ್ಟಾದ ಕಾಂಟ್ರ್ಯಾಕ್ಟ್ ಬಂದ್ರೆ, ನಿಮ್ಮ ವ್ಯಾಪಾರದ ಮಟ್ಟಿಗೆ ಅದನ್ನು ಬರೆದವರು ನುರಿತ ವಕೀಲರೇ. ಆದರೆ ಬೀಜಿಂಗ್‌ನಲ್ಲೇ ಒಬ್ಬ ಸಾಮಾನ್ಯ ಮನುಷ್ಯ ಸರ್ಕಾರದ ವಿರುದ್ಧ ನಿಲ್ಲಬೇಕಾದಾಗ ಅವನ ಪರ ನಿಲ್ಲೋ ವಕೀಲರು ಯಾರು ಅನ್ನೋದನ್ನೂ ಒಮ್ಮೆ ಯೋಚಿಸಿ.